ಮಾಳಿಗೆಗೆ ಕುಂಬಿ ಇರಲಿ

ಚಿ. ಬಸುವಿಗೆ,

 

ಇಲ್ಲಿ ಮುದ್ದೇಬಿಹಾಳದಲ್ಲಿ ನಿನ್ನ ಮನೆಯ ಸ್ಲ್ಯಾಬ್ ಕೆಲಸ ಮುಗಿಯಿತು. ‘ಮ್ಯಾಲೆ ಇನ್ನೊಂದು ಅಂತಸ್ತು ಏರ್ಸೋದೈತಿ, ಕುಂಬಿ ಈಗ್ಯಾಕ?’ ಎಂದು ನೀನು ಪುಣೆಯಿಂದಲೇ ಗೌಂಡಿಗೆ ಹೇಳಿದ್ದೀಯಂತೆ. ಆ ಇನ್ನೊಂದು ಅಂತಸ್ತು ಯಾವ ವರ್ಷ ಏರುತ್ತದೋ! ಅಲ್ಲಿಯವರೆಗಿನ ಬೇಸಿಗೆಗಳಲ್ಲಿ ನಮ್ಮ ಹುಡುಗರು ಹಾಸಿಕೊಂಡು ಮಲಗುವುದು ಆ ಮಾಳಿಗೆಯ ಮೇಲೇ ತಾನೇ?

ಈ ಚಿಂತೆ ನನ್ನೊಬ್ಬನದಲ್ಲ. ನಿವೃತ್ತ ಮಾಸ್ತರನಿಗೆ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಈಗ ಯಹೂದಿಗಳ ಧರ್ಮದ ಬಗ್ಗೆ ಓದುತ್ತಿದ್ದೇನೆ. ಹೊಸ ಮನೆ ಕಟ್ಟಿದವನು ಮಾಳಿಗೆಗೆ ಕುಂಬಿ ಕಟ್ಟಲೇಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ಪಾಪ ಮನೆಯವನದು ಎಂದು ಅವರ ಧರ್ಮಗ್ರಂಥ ತೋರಾದಲ್ಲಿ ದೇವರ ಆಜ್ಞೆಯೇ ಇದೆ. ಅವರದೂ ನಮ್ಮಂತೆ ಬಿಸಿಲ ನಾಡು, ಸಪಾಟು ಮಾಳಿಗೆಯ ಮನೆಗಳು.

ಮುಂದೆ ಈ ಆಜ್ಞೆಯನ್ನು ಬಿಡಿಸಿ ಬರೆದವನು ಮೈಮೊನಿಡೀಸ್. 1138ರ ಹೊತ್ತಿಗೆ ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ, ಈಜಿಪ್ಟಿಗೆ ಹೋಗಿ ನೆಲೆಸಿದ ಪಂಡಿತ, ವೈದ್ಯನೂ ಹೌದು. ನಮ್ಮ ಬಾಗೇವಾಡಿಯ ಬಸವಣ್ಣ ಕಲ್ಯಾಣದಲ್ಲಿದ್ದಾಗ ಇವನು ಇನ್ನೂ ಹರೆಯದ ಹುಡುಗ. ಕುಂಬಿ ಹತ್ತು ಅಂಗೈ ಅಗಲದಷ್ಟು, ಅಂದರೆ ಎರಡೂವರೆ ಅಡಿಗೆ ಕಡಿಮೆಯಿಲ್ಲದಷ್ಟು ಎತ್ತರ ಇರಬೇಕು, ಒರಗಿ ನಿಂತರೂ ಬೀಳದಷ್ಟು ಗಟ್ಟಿಯಿರಬೇಕು ಎನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ಅಂಗಳದಲ್ಲಿ ಬಾವಿಯಿದ್ದರೆ, ನೀರಿರಲಿ ಬಿಡಲಿ, ಸುತ್ತ ಕಟ್ಟೆ ಕಟ್ಟು, ಇಲ್ಲವೇ ಮುಚ್ಚಳ ಹಾಕು ಎನ್ನುತ್ತಾನೆ. ಇದನ್ನು ಓದಿದಾಗ ಇಂಡಿ ತಾಲೂಕಿನ ಲಚ್ಯಾಣ ಕಣ್ಮುಂದೆ ಬಂತು. 2024ರ ಏಪ್ರಿಲ್‌ನಲ್ಲಿ ಅಲ್ಲಿ ತೆರೆದ ಕೊಳವೆಬಾವಿಯಲ್ಲಿ ಸಿಕ್ಕಿಕೊಂಡ ಪುಟ್ಟ ಕೂಸಿಗಾಗಿ ಪಕ್ಕದಲ್ಲೇ ರಾತ್ರಿಯಿಡೀ ನೆಲ ಅಗೆದರಲ್ಲ, ನೆನಪಿದೆಯಾ? ಕೂಸು ಜೀವಂತ ಬಂತು. ಇಡೀ ಜಿಲ್ಲೆ ಆವತ್ತು ಊಟ ಬಿಟ್ಟು ಟಿವಿ ಮುಂದೆ ಕೂತಿತ್ತು. ಬಾಯಿಗೊಂದು ಮುಚ್ಚಳ ಇದ್ದಿದ್ದರೆ ಅಷ್ಟೂ ಬೇಕಿರಲಿಲ್ಲ.

ಇನ್ನೊಂದು ವಿಷಯಕ್ಕೆ ಬರುತ್ತೇನೆ, ಸಿಟ್ಟಾಗಬೇಡ. ಹೋದ ದೀಪಾವಳಿಗೆ ಬಂದಾಗ ನಿನ್ನ ಕಿಸೆಯಲ್ಲಿ ಎರಡು ಚೀಟಿ ನೋಡಿದೆ, ಒಂದು ಪಾನ್ ಮಸಾಲಾ, ಒಂದು ತಂಬಾಕು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿದ ಮೇಲೆ ಅಂಗಡಿಯವರು ಕಂಡುಕೊಂಡ ಉಪಾಯವದು. ಬಾಯಿಯೊಳಗೆ ಹೋದರೆ ಅದೇ ಗುಟ್ಕಾ. ‘ನನ್ನ ಬಾಯಿ, ನನ್ನ ರೊಕ್ಕ, ನಿಮಗೇನು ತ್ರಾಸು?’ ಅಂದಿದ್ದೆ. ಇದೇ ಮಾತು ಆಡುವವರು ಮೈಮೊನಿಡೀಸನ ಕಾಲದಲ್ಲೂ ಇದ್ದರೆಂದು ಕಾಣುತ್ತದೆ. ‘ನನ್ನ ಜೀವಕ್ಕೆ ನಾನು ಅಪಾಯ ತಂದುಕೊಂಡರೆ ಬೇರೆಯವರಿಗೇನು’ ಎನ್ನುವವನಿಗೆ ಚಾಟಿಯೇಟು ಎಂದು ಅವನು ಬರೆದುಬಿಟ್ಟಿದ್ದಾನೆ! ಚಾಟಿಯೇನೂ ನನಗೆ ಹಿಡಿಸುವುದಿಲ್ಲ. ಮೂವತ್ತು ವರ್ಷ ಬೆತ್ತ ಹಿಡಿದವನಿಗೆ ಅದರ ಪ್ರಯೋಜನ ಎಷ್ಟೆಂದು ಗೊತ್ತು. ಆದರೆ ಅವನ ಸಿಟ್ಟು ಮಾತ್ರ ನನಗೆ ಅರ್ಥವಾಗುತ್ತದೆ. ಬಾಯಿ ನಿನ್ನದೇ ಇರಬಹುದು. ನಾಳೆ ಅದಕ್ಕೆ ಏನಾದರೂ ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ನಿಮ್ಮವ್ವ, ಒಡವೆ ಒತ್ತೆಯಿಡುವವಳು ನಿನ್ನ ಹೆಂಡತಿ.

ಯಹೂದಿಗಳಲ್ಲೇ ಹಿಲ್ಲೆಲ್ ಎಂಬ ಹಿರಿಯ ಗುರುವಿದ್ದ. ಒಮ್ಮೆ ಶಿಷ್ಯರಿಗೆ ‘ಪುಣ್ಯಕಾರ್ಯಕ್ಕೆ ಹೊರಟೆ’ ಅಂದನಂತೆ. ಏನದು ಎಂದು ಕೇಳಿದರೆ, ಸ್ನಾನ! ರಾಜನ ಮೂರ್ತಿಯನ್ನು ತೊಳೆದು ಇಡುವವನಿಗೆ ಸಂಬಳ ಕೊಡುತ್ತಾರೆ. ದೇವರ ರೂಪದಲ್ಲಿ ಹುಟ್ಟಿದ ಈ ಮೈಯನ್ನು ತೊಳೆಯುವುದು ಪುಣ್ಯವಲ್ಲದೆ ಇನ್ನೇನು ಎಂದು ಅವನ ವಾದ. ಶ್ರಾವಣದಲ್ಲಿ ಬಾಗೇವಾಡಿಯ ಬಸವಣ್ಣನ ಅಭಿಷೇಕಕ್ಕೆ ನೂಕುನುಗ್ಗಲು ಮಾಡಿ, ಹೊರಬಂದ ಕೂಡಲೇ ಚೀಟಿ ಹರಿಯುವ ಹುಡುಗರನ್ನು ಕಂಡಾಗ ನನಗೆ ಹಿಲ್ಲೆಲ್ ನೆನಪಾಗುತ್ತಾನೆ.

ಕಡೆಗೆ ನಿಮ್ಮವ್ವನ ಸುದ್ದಿ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಲೇ ಸೋಮವಾರ ನಿರಾಹಾರ ಮಾಡುತ್ತಾಳೆ. ಹೋದ ವಾರ ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಪಡಸಾಲೆಯಲ್ಲೇ ಕೂತುಬಿಟ್ಟಿದ್ದಳು. ಯಹೂದಿಗಳಿಗೆ ಯೋಮ್ ಕಿಪ್ಪುರ್‌ಗಿಂತ ದೊಡ್ಡ ಉಪವಾಸವಿಲ್ಲ. ಆ ದಿನವೂ ರೋಗಿ ತನಗೆ ಅನ್ನ ಬೇಕೆಂದರೆ, ವೈದ್ಯ ಬೇಡವೆಂದರೂ ಉಣ್ಣಿಸಬೇಕೆಂದು ಅವರ ಶಾಸ್ತ್ರಗ್ರಂಥ ತಾಲ್ಮುದ್ ಹೇಳುತ್ತದೆ. ರಂಜಾನಿನಲ್ಲೂ ಕಾಯಿಲೆಯವರಿಗೆ ರೋಜಾ ಬಿಡಲು ಅಪ್ಪಣೆಯಿದೆ ಎಂದು ಪಕ್ಕದ ಮನೆಯವರು ಆಕೆಗೆ ಹೇಳಿ ನೋಡಿದರು. ‘ಅವರ ದೇವರು ಬ್ಯಾರೆ, ನಮ್ಮ ಶಿವ ಬ್ಯಾರೆ’ ಅಂದಳು. ನನ್ನ ಮಾತು ಆಕೆಗೆ ನಾಟುವುದಿಲ್ಲ. ನೀನು ಈ ಭಾನುವಾರವೇ ಫೋನ್ ಮಾಡಿ ಹೇಳು. ಗುಳಿಗೆಯ ಹೊತ್ತಿಗೆ ಒಂದು ಜೋಳದ ರೊಟ್ಟಿ ತಿನ್ನಲಿ, ಪೂಜೆ ಎಷ್ಟು ಹೊತ್ತಾದರೂ ಮಾಡಲಿ.

ನಿನ್ನ ದೊಡ್ಡಪ್ಪ