ಗೆರೆಯ ಉದ್ದ, ಮನಸ್ಸಿನ ಅಳತೆ

ಪದವಿಪೂರ್ವ ತರಗತಿಗಳಲ್ಲಿ ಐಚ್ಛಿಕ ವಿಷಯವಾಗಿರುವ ಮನೋವಿಜ್ಞಾನವನ್ನು ಎದುರಿಗಿರುವವರ ಮನಸ್ಸನ್ನು ಓದುವ ವಿದ್ಯೆಯೆಂದು ತಿಳಿದು ಆರಿಸಿಕೊಳ್ಳುವವರು ಅನೇಕರಿದ್ದು, ಈ ಬರಹದ ಲೇಖಕಿಯೂ ಅಂಥವರಲ್ಲಿ ಒಬ್ಬರು. ಎಂ.ವಿ. ಗೋಪಾಲಸ್ವಾಮಿಯವರು 1924ರಷ್ಟು ಹಿಂದೆಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ನಾಡಿನಲ್ಲಿ ಈ ತಪ್ಪು ತಿಳಿವಳಿಕೆ ಇಂದಿಗೂ ಉಳಿದಿರುವುದು ಖೇದಕರ. ಲೇಖಕಿಯ ಮಟ್ಟಿಗೆ ಅದನ್ನು ಸಡಿಲಿಸಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಪ್ರಯೋಗದ ರೆಕಾರ್ಡ್ ಪುಸ್ತಕ.

ಅದರಲ್ಲಿದ್ದ ಒಂದು ಪ್ರಯೋಗ, 1889ರಲ್ಲಿ ಪ್ರಕಟವಾದ ಮ್ಯೂಲರ್-ಲಯರ್ ದೃಷ್ಟಿಭ್ರಮೆಯನ್ನು ಕುರಿತದ್ದು. ಭ್ರಮೆಯೆಂದರೆ ಇಲ್ಲದ್ದನ್ನು ಕಾಣುವುದಲ್ಲ, ಇರುವ ವಸ್ತುವನ್ನೇ ಬೇರೆಯಾಗಿ ಗ್ರಹಿಸುವುದು; ಸಮ ಉದ್ದದ ಎರಡು ಗೆರೆಗಳಲ್ಲಿ, ತುದಿಯ ಗೀಟುಗಳು ಬಾಣದ ಮೊನೆಯಂತೆ ಒಳಕ್ಕೆ ಬಾಗಿರುವುದು ಗಿಡ್ಡವಾಗಿಯೂ, ಹೊರಕ್ಕೆ ಚಾಚಿರುವುದು ಉದ್ದವಾಗಿಯೂ ತೋರುತ್ತದೆ. ಪ್ರಯೋಗಕ್ಕೆ ಕುಳಿತವರು ಜಾರುವ ಗೆರೆಯನ್ನು ಇನ್ನೊಂದಕ್ಕೆ ಸಮವೆನಿಸುವವರೆಗೆ ಸರಿಸಬೇಕು, ನಡೆಸುವವರು ವ್ಯತ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಬೇಕು. ಅರ್ಧದಷ್ಟು ಸರದಿಗಳನ್ನು ತೀರ ಉದ್ದದಿಂದಲೂ ಉಳಿದವನ್ನು ತೀರ ಗಿಡ್ಡದಿಂದಲೂ ಆರಂಭಿಸುವುದು, ಸರಿಸುವ ದಿಕ್ಕಿನಿಂದ ಹುಟ್ಟುವ ದೋಷಗಳು ಒಂದನ್ನೊಂದು ಅಳಿಸಿಹಾಕಲೆಂದು. ಅಳತೆಪಟ್ಟಿಯಿಟ್ಟು ಎರಡೂ ಸಮವೆಂದು ತೋರಿಸಿದ ಮೇಲೂ ಲೇಖಕಿಯ ಕಣ್ಣಿಗೆ ಒಂದು ಗೆರೆ ಉದ್ದವಾಗಿಯೇ ಉಳಿಯಿತು. ತಿಳಿದದ್ದು ಕಂಡದ್ದನ್ನು ತಿದ್ದಲಾರದೆಂಬ ಈ ಸಂಗತಿ ಗೆರೆಗಳ ವಿಷಯದಲ್ಲಿ ಬೇಗ ಮನದಟ್ಟಾಯಿತಾದರೂ, ಮನುಷ್ಯರ ವಿಷಯದಲ್ಲಿ ಅದಕ್ಕೆ ಮತ್ತೊಂದು ವರ್ಷ ಹಿಡಿಯಿತು.

ಪರಿಭಾಷೆಯ ತೊಡಕು ಬೇರೆಯೇ ಬಗೆಯದು. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆಯೆಂದು ಬರೆದು ಅಂಕ ಕಳೆದುಕೊಳ್ಳುವುದು ಸಾಮಾನ್ಯ. ವಾಸ್ತವದಲ್ಲಿ ಅದು, ಮಗು ಪುಸ್ತಕ ಹಿಡಿದೊಡನೆ ತಾಯಿಯ ಗೊಣಗಾಟ ನಿಲ್ಲುವಂತೆ, ಅಹಿತಕರವಾದುದೊಂದು ತೊಲಗುವುದರಿಂದ ವರ್ತನೆ ಬಲಗೊಳ್ಳುವ ಕ್ರಿಯೆ.

ಎರಡನೆಯ ವರ್ಷದಲ್ಲಿ ಮಾನಸಿಕ ಅಸ್ವಸ್ಥತೆಗಳ ಅಧ್ಯಾಯ ಬಂದಾಗ ಅದರ ಹೆಸರುಗಳು ಮನೆಮಂದಿಗೆಲ್ಲ ಅಂಟತೊಡಗಿದವು. ಮಾತು ಕಡಿಮೆ ಮಾಡಿದ್ದ ಅಕ್ಕನಿಗೆ ಖಿನ್ನತೆಯಿದೆಯೆಂದು ಲೇಖಕಿ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದರು, ಅಕ್ಕ ಎದ್ದುಹೋದರು. ಖಿನ್ನತೆಯೆಂದು ನಿರ್ಣಯಿಸಲು ಹಲವು ಲಕ್ಷಣಗಳು ಒಟ್ಟಾಗಿ ಕನಿಷ್ಠ 2 ವಾರ, ದಿನದ ಬಹುಪಾಲು ಕಾಣಿಸಿಕೊಂಡು ದೈನಂದಿನ ಬದುಕಿಗೆ ಅಡ್ಡಿಯಾಗಿರಬೇಕು, ಮತ್ತು ಆ ನಿರ್ಣಯ ತರಬೇತಿ ಪಡೆದ ತಜ್ಞರದು. ಲೇಖಕಿ ಇದನ್ನು ಉತ್ತರಪತ್ರಿಕೆಯಲ್ಲಿ ಸರಿಯಾಗಿಯೇ ಬರೆದಿದ್ದರು. ಹದಿನೇಳರ ವಯಸ್ಸಿನಲ್ಲಿ ಹೊಸ ಪದವೊಂದು ಕೊಡುವ ಅಧಿಕಾರಭಾವ ಅಷ್ಟು ಬಲವಾದದ್ದು.

ರೆಕಾರ್ಡ್ ಪುಸ್ತಕದಲ್ಲಿ ಅಂಕಿಅಂಶಗಳ ಪಟ್ಟಿಯ ನಂತರ ಅಂತರಾವಲೋಕನ ವರದಿಯೆಂಬ ಸಣ್ಣ ಭಾಗವಿರುತ್ತದೆ. ಪ್ರಯೋಗಕ್ಕೆ ಕುಳಿತವರು ತಮಗೆ ಅನ್ನಿಸಿದ್ದನ್ನು ತಮ್ಮದೇ ಮಾತಿನಲ್ಲಿ ಹೇಳುವ, ನಡೆಸುವವರು ತಿದ್ದದೆ ಬರೆದುಕೊಳ್ಳುವ ಜಾಗ ಅದು. ಅದಕ್ಕೆ ಅಂಕ ಕಡಿಮೆಯೆಂದು ಲೇಖಕಿ ಅದನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಿದ್ದರು. ಅಕ್ಕನ ವಿಷಯದಲ್ಲೂ ಆದದ್ದು ಅದೇ: ಏನಾಯಿತೆಂದು ಅವರನ್ನೇ ಕೇಳಿದ್ದು, ಊಟದ ಹೊತ್ತಿನ ಆ ಮಾತಿನ ವಾರದ ನಂತರ. ಕೆಲಸದ ಸಂದರ್ಶನದಲ್ಲಿ ಆಯ್ಕೆಯಾಗದ ಸುದ್ದಿಯನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವರು ಮೂರು ದಿನ ಸುಮ್ಮನಿದ್ದರು.