ಊಹೆ, ಪರೀಕ್ಷೆ, ಸಿದ್ಧಾಂತ

‘ಅದೆಲ್ಲ ಬರೇ ಥಿಯರಿ, ಬಿಡೋ’ ಎಂಬ ಮಾತನ್ನು ನಾವು ದಿನಾ ಆಡುತ್ತೇವೆ. ಹಾಗೆನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಊಹೆ. ವಿಜ್ಞಾನದಲ್ಲಿ ಊಹೆ ಬೇರೆ, ಸಿದ್ಧಾಂತ ಬೇರೆ. ಕಂಡದ್ದನ್ನು ಕೂಡಿಸಿ ನೋಡಿ ‘ಹೀಗಿರಬಹುದೆ?’ ಎಂದು ಕೇಳುವುದು ಊಹೆ. ಅದನ್ನು ಪರೀಕ್ಷೆಗೆ ಒಡ್ಡುವ ಹಾಗೆ ಹೇಳಿದರೆ ಪ್ರಾಕ್ಕಲ್ಪನೆ. ಇಂಥ ಅನೇಕ ಪ್ರಾಕ್ಕಲ್ಪನೆಗಳು ಪರೀಕ್ಷೆಯಲ್ಲಿ ಉಳಿದು, ಒಂದಕ್ಕೊಂದು ಹೊಂದಿಕೊಂಡು, ಬಹಳ ಸಂಗತಿಗಳಿಗೆ ವಿವರಣೆ ಕೊಟ್ಟಾಗ ಅದು ಸಿದ್ಧಾಂತ.

ನಾನಿರುವುದು ಪುಣೆಯ ಯೆರವಡಾದಲ್ಲಿ. ಹೆಸರು ಹೇಳಿದ ಕೂಡಲೆ ಜನಕ್ಕೆ ನೆನಪಾಗುವುದು ಜೈಲು. 1932ರಲ್ಲಿ ಆ ಜೈಲಿನಲ್ಲಿದ್ದ ಗಾಂಧೀಜಿ ನಕ್ಷತ್ರ ನೋಡುವ ಹವ್ಯಾಸ ಹತ್ತಿಸಿಕೊಂಡು ದೂರದರ್ಶಕ ತರಿಸಿಕೊಂಡಿದ್ದರು. ಗ್ರಹಗಳನ್ನು ನೋಡುವ ಬಗೆ ಇದೊಂದು. ಜಾತಕದ ಮನೆಗಳಲ್ಲಿ ನೋಡುವುದು ಇನ್ನೊಂದು. ಈ ಎರಡನೆಯದಕ್ಕೂ ಇದೇ ಊರಿನಲ್ಲಿ ಒಂದು ಪರೀಕ್ಷೆ ನಡೆಯಿತು. ನಮ್ಮ ಪಾಠಕ್ಕೆ ಅದೇ ಉದಾಹರಣೆ.

ಜಾತಕ ನೋಡಿ ಮಗುವಿನ ಬುದ್ಧಿಶಕ್ತಿ ಹೇಳಬಹುದು ಎಂಬುದು ಜ್ಯೋತಿಷಿಗಳ ಮಾತು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಅಂಧಶ್ರದ್ಧಾ ನಿರ್ಮೂಲನದ ನರೇಂದ್ರ ದಾಭೋಳ್ಕರ್, ಪ್ರಕಾಶ ಘಾಟಪಾಂಡೆ ಇವರು 2008ರಲ್ಲಿ ಇದನ್ನು ಪರೀಕ್ಷಿಸಿದರು. ಜಾಣ ವಿದ್ಯಾರ್ಥಿಗಳ 100 ಜಾತಕ, ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳ 100 ಜಾತಕ ಕೂಡಿಸಿದರು. ಅವುಗಳಲ್ಲಿ 40ನ್ನು ಕಲಸಿ ಒಬ್ಬೊಬ್ಬ ಜ್ಯೋತಿಷಿಗೆ ಕೊಟ್ಟರು. ಯಾವುದು ಯಾವ ಗುಂಪಿನದು, ಹೇಳಿ, ಅಷ್ಟೆ.

ಇಲ್ಲಿ ಮೂರು ಸಂಗತಿ ಗಮನಿಸಬೇಕು. ಮೊದಲನೆಯದು, ಮಾತು ಸೋಲುವುದಕ್ಕೆ ಅವಕಾಶವಿತ್ತು. ‘ಕಷ್ಟ ಇದೆ, ಆದರೆ ಒಳ್ಳೇದಾಗುತ್ತೆ’ ಅನ್ನುವ ಭವಿಷ್ಯ ಯಾವತ್ತೂ ಸೋಲುವುದಿಲ್ಲ. ಆದ್ದರಿಂದಲೇ ಅದು ಗೆದ್ದಂತೆಯೂ ಅಲ್ಲ. ಎರಡನೆಯದು, ಉತ್ತರ ಗುಟ್ಟಾಗಿತ್ತು. ಮೂರನೆಯದು, ಪಾಸಾಗುವ ಅಂಕ ಮೊದಲೇ ಗೊತ್ತಾಗಿತ್ತು: 40ಕ್ಕೆ 28. ಸುಮ್ಮನೆ ನಾಣ್ಯ ಚಿಮ್ಮಿದರೂ 20ರ ಆಸುಪಾಸು ಸರಿಯಾಗುತ್ತದೆ. 28 ಮುಟ್ಟುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ.

ಉತ್ತರ ಕಳಿಸಿದವರು 27 ಮಂದಿ. ಸರಾಸರಿ ಶೇಕಡಾ 46. ಎಲ್ಲರಿಗಿಂತ ಹೆಚ್ಚು ಬಂದದ್ದು 24. ಆ 24 ವಿದ್ಯೆಯ ಫಲವಲ್ಲವೆ ಅಂತ ನೀವು ಕೇಳಬಹುದು. ಅಲ್ಲ. 27 ಜನ ನಾಣ್ಯ ಚಿಮ್ಮಿದ್ದರೂ ಮೂರು ನಾಲ್ಕು ಜನಕ್ಕೆ ಅಷ್ಟು ಬರುವುದು ಸಹಜ. ಗೆದ್ದವನೊಬ್ಬನನ್ನೇ ನೋಡಿ, ಜೊತೆಯಲ್ಲಿ ಎಷ್ಟು ಜನ ಆಡಿದರೆಂದು ಲೆಕ್ಕಕ್ಕೆ ತಾರದಿದ್ದರೆ ಆಕಸ್ಮಿಕವೂ ಪವಾಡದಂತೆ ಕಾಣುತ್ತದೆ.

ಹಾಗೆಂದು ಜ್ಯೋತಿಷದ ಎಲ್ಲ ಮಾತೂ ಈ ಒಂದರಿಂದಲೇ ಇತ್ಯರ್ಥವಾಗಲಿಲ್ಲ. ಬಿದ್ದದ್ದು ಬುದ್ಧಿಶಕ್ತಿಯ ಮಾತು. ಮಿಕ್ಕದ್ದನ್ನು ಪರೀಕ್ಷೆಗೆ ತರುವ ಹೊಣೆ ಅದನ್ನು ಹೇಳುವವರದು.

ನಿಯಮ ಪರೀಕ್ಷಕನಿಗೂ ಒಂದೇ. ನಾರ್ಳೀಕರರು ಫ್ರೆಡ್ ಹಾಯ್ಲ್ ಜೊತೆ ಸ್ಥಿರಸ್ಥಿತಿ ವಿಶ್ವದ ಪರವಾಗಿ ವಾದಿಸಿದವರು. 1965ರಲ್ಲಿ ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಸೂಕ್ಷ್ಮತರಂಗ ವಿಕಿರಣ ಪತ್ತೆಯಾದ ಮೇಲೆ ಬಹುಪಾಲು ವಿಜ್ಞಾನಿಗಳು ಮಹಾಸ್ಫೋಟದ ಕಡೆ ವಾಲಿದರು. ನಾರ್ಳೀಕರರು 1993ರಲ್ಲಿ ಹಾಯ್ಲ್, ಬರ್ಬಿಜ್ ಜೊತೆ ತಿದ್ದಿದ ರೂಪ ಮುಂದಿಟ್ಟರು. ಅದನ್ನೂ ಹೆಚ್ಚಿನವರು ಒಪ್ಪಲಿಲ್ಲ. ದೊಡ್ಡ ಹೆಸರಿಗೂ ಅಲ್ಲಿ ರಿಯಾಯಿತಿ ಸಿಗಲಿಲ್ಲ.

ಇದು ಬರೀ ವಿಜ್ಞಾನದ ಹುಡುಗರಿಗೆ ಹೇಳುವ ಮಾತಲ್ಲ. ಕವಿರಾಜಮಾರ್ಗ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಾದಿಸುವಾಗ ನಾವೂ ಪ್ರಾಕ್ಕಲ್ಪನೆಯನ್ನೇ ಕಟ್ಟುತ್ತೇವೆ, ಪದ್ಯಗಳ ಸಾಕ್ಷಿಯಿಂದ ಪರೀಕ್ಷಿಸುತ್ತೇವೆ. ಒಪ್ಪದವನು ಬೇರೆ ಸಾಕ್ಷಿ ತರಬೇಕು. ದಾಭೋಳ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ, ನಮ್ಮ ಸಂಶೋಧಕ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಗುಂಡಿಗೆ ಬಲಿಯಾದರು. ಗುಂಡು ಯಾವ ವಾದಕ್ಕೂ ಉತ್ತರವಲ್ಲ.

ಕೊನೆಗೆ ಒಂದು ಅಭ್ಯಾಸ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗದು ಅಂತಾರೆ. ಆ ಒಂದು ಮಾತಿಗೆ ಹೆಣ್ಣುಮಕ್ಕಳ ಮದುವೆ ಮುರಿದುಬೀಳುತ್ತದೆ. ಗೆಳೆಯರೆ, ಇದನ್ನು ಪರೀಕ್ಷಿಸುವುದು ಹೇಗೆ? ಎಷ್ಟು ಮನೆ ನೋಡಬೇಕು? ಬೇರೆ ನಕ್ಷತ್ರದ ಸೊಸೆಯರ ಮನೆಗಳ ಲೆಕ್ಕ ಯಾಕೆ ಬೇಕು? ಬರೆದು ನೋಡಿ, ಮುಂದಿನ ಸಭೆಯಲ್ಲಿ ಚರ್ಚಿಸೋಣ.