ಜುಲೈನಲ್ಲೇ ಕೈಚೆಲ್ಲಬೇಡಪ್ಪ

ನೋಡಪ್ಪಾ, ಬೇಸ್‌ಬಾಲ್‌ನಲ್ಲಿ ಮ್ಯಾರಿನರ್ಸ್ ಸೋತ ರಾತ್ರಿ ನಿನಗೆ ಊಟ ಸೇರುವುದಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಸಿಯಾಟಲ್‌ನಲ್ಲಿ ಹುಟ್ಟಿ ಬೆಳೆದವನು, ಆ ತಂಡವನ್ನು ಮನಸಾರೆ ಹಚ್ಚಿಕೊಂಡಿದ್ದೀಯ. 2025ರ ಅಕ್ಟೋಬರ್‌ನಲ್ಲಿ ಟೊರಾಂಟೊದಲ್ಲಿ ಏಳನೇ ಪಂದ್ಯ 4-3ರಲ್ಲಿ ಕೈತಪ್ಪಿ, ವರ್ಲ್ಡ್ ಸೀರೀಸ್ ಬಾಗಿಲಿನಿಂದ ವಾಪಸ್ಸು ಬಂದದ್ದು ನಿನ್ನನ್ನು ಇನ್ನೂ ಕಾಡುತ್ತಿರಬೇಕು. ಅದು ನನಗೂ ಅರ್ಥವಾಗುತ್ತದೆ. ಆದರೆ ಜುಲೈ ತಿಂಗಳ ಗೆಲುವು-ಸೋಲಿನ ಪಟ್ಟಿ ನೋಡಿ ‘ಈ ವರ್ಷವೂ ಮುಗೀತು’ ಅನ್ನುತ್ತೀಯಲ್ಲ, ಆ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

162 ಪಂದ್ಯಗಳ ಸೀಸನ್ ಇದು. ಜುಲೈನ ಆಲ್‌ಸ್ಟಾರ್ ಬಿಡುವು ಮುಗಿದ ಮೇಲೂ ಅರವತ್ತಕ್ಕೂ ಹೆಚ್ಚು ಪಂದ್ಯ ಬಾಕಿ ಇರುತ್ತವೆ. 1995ರ ಕಥೆ ನಿನಗೆ ಗೊತ್ತಿರಲೇಬೇಕು. ಮೇ ತಿಂಗಳಲ್ಲಿ ಕೆನ್ ಗ್ರಿಫಿ ಜೂನಿಯರ್ ಕ್ಯಾಚ್ ಹಿಡಿಯಲು ಹೋಗಿ ಗೋಡೆಗೆ ಬಡಿದು ಮಣಿಕಟ್ಟು ಮುರಿದುಕೊಂಡ. ಆಗಸ್ಟ್ ಶುರುವಾದಾಗ ನಿನ್ನ ತಂಡ ಏಂಜಲ್ಸ್‌ಗಿಂತ 13 ಪಂದ್ಯ ಹಿಂದಿತ್ತು. ಕೊನೆಗೆ ಎರಡೂ ಸಮನಾಗಿ, ನಿರ್ಣಾಯಕ ಪಂದ್ಯದಲ್ಲಿ ರ‍್ಯಾಂಡಿ ಜಾನ್ಸನ್ ಎಸೆದಾಗ 9-1ರ ಗೆಲುವು. ಹಾಗೆ ತಂಡಕ್ಕೆ ಮೊದಲ ಸಲ ಪ್ಲೇಆಫ್ ಸಿಕ್ಕಿತು. ಅಲ್ಲಿ ಯಾಂಕೀಸ್ ವಿರುದ್ಧ 11ನೇ ಇನಿಂಗ್ಸ್‌ನಲ್ಲಿ ಎಡ್ಗರ್ ಮಾರ್ಟಿನೆಜ್ ಹೊಡೆದ ಡಬಲ್‌ಗೆ ಅದೇ ಗ್ರಿಫಿ ಮೊದಲ ಬೇಸ್‌ನಿಂದ ಹೋಮ್‌ವರೆಗೂ ಓಡಿ ಬಂದು ಸರಣಿ ಗೆಲ್ಲಿಸಿದ. ಆ ಓಟದ ವಿಡಿಯೋ ಒಮ್ಮೆ ನೋಡು.

ಹಾಗಂತ ಕಣ್ಣುಮುಚ್ಚಿ ಆಸೆ ಇಟ್ಟುಕೋ ಅನ್ನುತ್ತಿಲ್ಲ. ಗೆಲುವು ಸೋಲಿನ ಪಕ್ಕದಲ್ಲಿ, ಹೊಡೆದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು ಅನ್ನುವುದನ್ನೂ ನೋಡುವ ಅಭ್ಯಾಸ ಮಾಡಿಕೋ. 2021ರಲ್ಲಿ ನಮ್ಮವರು 90 ಪಂದ್ಯ ಗೆದ್ದರು, ಆದರೆ ಹೊಡೆದದ್ದಕ್ಕಿಂತ 51 ರನ್ ಹೆಚ್ಚೇ ಬಿಟ್ಟುಕೊಟ್ಟಿದ್ದರು, ಪ್ಲೇಆಫ್ ಸಿಗಲಿಲ್ಲ. ಅದೇ ವರ್ಷ ಅಟ್ಲಾಂಟಾ ಬ್ರೇವ್ಸ್ ಆಲ್‌ಸ್ಟಾರ್ ಬಿಡುವಿನ ಹೊತ್ತಿಗೆ 44 ಗೆದ್ದು 45 ಸೋತಿತ್ತು, ಅದರ ದೊಡ್ಡ ಆಟಗಾರ ಅಕೂನ್ಯಾ ಮೊಣಕಾಲು ಕೆಡಿಸಿಕೊಂಡು ಮನೆ ಸೇರಿದ್ದ. ಆದರೂ ರನ್ ಲೆಕ್ಕ ಅವರ ಕಡೆಗೇ ವಾಲಿತ್ತು. ಜುಲೈನಲ್ಲಿ ನಾಲ್ವರು ಔಟ್‌ಫೀಲ್ಡರ್‌ಗಳನ್ನು ತಂದರು, ವರ್ಲ್ಡ್ ಸೀರೀಸ್ ಗೆದ್ದರು. ಆ ನಾಲ್ವರಲ್ಲಿ ಒಬ್ಬನಾದ ಹೋರ್ಹೆ ಸೊಲೇರ್ ಸರಣಿಯ ಶ್ರೇಷ್ಠ ಆಟಗಾರನಾದ.

ಇದನ್ನು ಕೇಳಿ ನೀನು ‘ಹಾಗಾದರೆ ನಮ್ಮವರೂ ಇದ್ದಬದ್ದ ಹುಡುಗರನ್ನೆಲ್ಲ ಕೊಟ್ಟು ದೊಡ್ಡವನೊಬ್ಬನನ್ನು ತರಲಿ’ ಅನ್ನುತ್ತೀಯ, ಬಲ್ಲೆ. ಇಲ್ಲೇ ಎಚ್ಚರ ಬೇಕಪ್ಪ. 1997ರ ಜುಲೈ 31ರಂದು ಕೊನೆಯಲ್ಲಿ ಬಂದು ಪಂದ್ಯ ಉಳಿಸಿಕೊಡುವ ಪಿಚರ್ ಬೇಕೆಂದು ಮ್ಯಾರಿನರ್ಸ್ ಹೀತ್‌ಕ್ಲಿಫ್ ಸ್ಲೋಕಂಬ್‌ನನ್ನು ತರಿಸಿಕೊಂಡು, ಬಾಸ್ಟನ್‌ಗೆ ಜೇಸನ್ ವ್ಯಾರಿಟೆಕ್, ಡೆರೆಕ್ ಲೋ ಇಬ್ಬರನ್ನೂ ಕೊಟ್ಟರು. ಬಿತ್ತನೆಗೆ ಇಟ್ಟ ಕಾಳನ್ನು ಒಂದು ಹೊತ್ತಿನ ಊಟಕ್ಕೆ ಬೇಯಿಸಿದ ಹಾಗಾಯಿತು. ಆ ವರ್ಷ ವಿಭಾಗ ಗೆದ್ದರು ನಿಜ, ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆ ಹುಡುಗರಿಬ್ಬರೂ 2004ರಲ್ಲಿ ರೆಡ್ ಸಾಕ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದರು.

ಹಾಗಾಗಿ ಜುಲೈ ಕೊನೆಯಲ್ಲಿ ದೊಡ್ಡ ಹೆಸರು ಬರಲಿಲ್ಲವೆಂದು ಕೂಗಾಡಬೇಡ. ಕೆಳಗಿನ ಹಂತದ ಲೀಗ್‌ನಲ್ಲಿ ಆಡುತ್ತಿರುವ ನಮ್ಮ ಹುಡುಗರ ಮೇಲೂ ಒಂದು ಕಣ್ಣಿಡು, ಅವರು ಆಡುವ ಟಕೋಮಾ ದೂರವೇನಲ್ಲ. ಶನಿವಾರ ಬಿಡುವಿದ್ದರೆ ಹೇಳು, ಇಬ್ಬರೂ ಹೋಗಿ ಬರೋಣ.